ಬ್ರಿಜರ್ಟನ್: ಹಾಸಿಗೆಯ ದೃಶ್ಯ ಕಥೆ ನಡೆಸುವಷ್ಟು ಹೊತ್ತು

ಬ್ರಿಜರ್ಟನ್ ಬಗ್ಗೆ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಮನೆಗಳಲ್ಲಿ ಮೊದಲು ಕೇಳಿಬರುವ ದೂರು ಕಥೆಯ ಮೇಲಿನದ್ದಲ್ಲ, ನೆಟ್‌ಫ್ಲಿಕ್ಸಿನ ಮುಖಪುಟದ ಮೇಲಿನದ್ದು. ಚಾವಡಿಯ ಟಿವಿಯಲ್ಲಿ ಬೇರೇನೋ ಹುಡುಕುತ್ತಾ ರಿಮೋಟು ಈ ಸರಣಿಯ ಚಿತ್ರದ ಮೇಲೆ ಒಂದು ಕ್ಷಣ ನಿಂತರೆ ಸಾಕು, ತುಣುಕು ತನ್ನಷ್ಟಕ್ಕೇ ಓಡತೊಡಗುತ್ತದೆ. ಸೋಫಾದಲ್ಲಿ ಅಜ್ಜ ಅಜ್ಜಿ ಕೂತಿದ್ದರೆ ಕಥೆ ಮುಗಿಯಿತು.

ಇದಕ್ಕೆ ಮದ್ದು ಉಂಟು. ಬ್ರೌಸರಿನಲ್ಲಿ ನೆಟ್‌ಫ್ಲಿಕ್ಸ್ ತೆರೆದು ನಿಮ್ಮ ಪ್ರೊಫೈಲಿನ ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ಗೆ ಹೋಗಿ, ಆಟೋಪ್ಲೇ ಪ್ರಿವ್ಯೂ ಎಂಬಲ್ಲಿರುವ ಗುರುತು ತೆಗೆಯಿರಿ. ಟಿವಿಗೆ ಇದು ಕೂಡಲೇ ತಲುಪದಿದ್ದರೆ ಒಮ್ಮೆ ಬೇರೆ ಪ್ರೊಫೈಲಿಗೆ ಹೋಗಿ ವಾಪಸು ಬನ್ನಿ. ಅದೇ ಅಕೌಂಟ್ ಪುಟದಲ್ಲಿ ಪ್ರೊಫೈಲ್ ಲಾಕ್ ಕೂಡ ಇದೆ. ಪಾಸ್‌ವರ್ಡ್ ಕೊಟ್ಟು ನಾಲ್ಕು ಅಂಕಿಯ ಪಿನ್ ಹಾಕಿದರೆ ಮಕ್ಕಳು ನಿಮ್ಮ ಪ್ರೊಫೈಲಿಗೆ ಬರಲಾರರು. ಮಕ್ಕಳ ಪ್ರೊಫೈಲಿಗೆ ವಯಸ್ಸಿನ ಮಿತಿಯನ್ನು ಬೇರೆಯೇ ಹಾಕಬೇಕು. ಇವೆರಡೂ ಒಂದೇ ಎಂದುಕೊಂಡು ಪಿನ್ ಮಾತ್ರ ಹಾಕಿ ಬಿಡುವವರೇ ಹೆಚ್ಚು. ಆಗ ಮಕ್ಕಳ ಪ್ರೊಫೈಲಿನಲ್ಲೇ ಸರಣಿ ಸಿಕ್ಕಿಬಿಡುತ್ತದೆ. ಅರ್ಧ ನೋಡಿ ಬಿಟ್ಟ ಕಂತು ‘ಕಂಟಿನ್ಯೂ ವಾಚಿಂಗ್’ ಸಾಲಿನಲ್ಲಿ ಚಿತ್ರಸಮೇತ ಕೂತಿರುತ್ತದೆ, ಅದನ್ನೂ ತೆಗೆದುಹಾಕಬಹುದು.

ಇಷ್ಟೆಲ್ಲ ತಯಾರಿ ಬೇಡುವ ಸರಣಿ ನೋಡುವಂಥದ್ದೋ? ಮೊದಲ ಸೀಸನ್ ಮಟ್ಟಿಗೆ ಹೌದು. ಎರಡನೆಯದು ನಮ್ಮ ಗಡಿನಾಡಿನವರಿಗೆ ಬೇರೆ ಕಾರಣಕ್ಕೆ ಹೌದು. ಮೂರನೆಯದರಲ್ಲಿ ಅರ್ಧ ಸಾಕು.

ಮೂಲ ಅಮೆರಿಕದ ಜೂಲಿಯಾ ಕ್ವಿನ್ ಬರೆದ ಎಂಟು ಕಾದಂಬರಿಗಳು. ಬ್ರಿಜರ್ಟನ್ ಮನೆತನದ ಎಂಟು ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ. ಮೊದಲನೆಯದು 2000ದಲ್ಲಿ ಬಂತು. ಶೋಂಡಾ ರೈಮ್ಸ್ ಅವರ ಶೋಂಡಾಲ್ಯಾಂಡ್ ಸಂಸ್ಥೆಗಾಗಿ ಕ್ರಿಸ್ ವ್ಯಾನ್ ಡ್ಯೂಸನ್ ಇದನ್ನು ಸರಣಿಯಾಗಿ ಕಟ್ಟಿದರು. 2020ರ ಡಿಸೆಂಬರ್ 25ಕ್ಕೆ ಮೊದಲ ಸೀಸನ್ ಬಿಡುಗಡೆಯಾಯಿತು. ಒಂದೊಂದು ಸೀಸನಿಗೆ ಎಂಟು ಕಂತು, ಒಂದೊಂದು ಕಂತು ಹೆಚ್ಚುಕಮ್ಮಿ ಒಂದು ಗಂಟೆ. ಕಾಲ 1813ರ ಲಂಡನ್. ಮೂರನೆಯ ಜಾರ್ಜ್ ದೊರೆಗೆ ಬುದ್ಧಿಭ್ರಮಣೆಯಾಗಿ ಮಗ ರಾಜ್ಯಭಾರ ನಡೆಸುತ್ತಿದ್ದ ದಿನಗಳು. ಮದುವೆಗೆ ಬಂದ ಹುಡುಗಿಯರನ್ನು ರಾಣಿಯ ಮುಂದೆ ನಿಲ್ಲಿಸುತ್ತಾರೆ, ಆಮೇಲೆ ತಿಂಗಳುಗಟ್ಟಲೆ ಕುಣಿತದ ಕೂಟಗಳು. ಎಲ್ಲರ ಗುಟ್ಟನ್ನೂ ಲೇಡಿ ವಿಸಲ್‌ಡೌನ್ ಎಂಬ ಅನಾಮಿಕಳ ಪತ್ರಿಕೆ ಬಯಲಿಗೆಳೆಯುತ್ತದೆ. ಅವಳಿಗೆ ದನಿ ಜೂಲಿ ಆಂಡ್ರ್ಯೂಸ್ ಅವರದ್ದು. ಡಬ್ ಆದ ಭಾಷೆಯಲ್ಲಿ ನೋಡುವವರು ಈ ದನಿಯನ್ನು ಕಳೆದುಕೊಳ್ಳುತ್ತಾರೆ. ಮೂಲ ಇಂಗ್ಲಿಷಿನಲ್ಲಿ, ಕೆಳಗೆ ಅಕ್ಷರ ಹಾಕಿಕೊಂಡು ನೋಡುವುದೇ ಒಳ್ಳೆಯದು.

ಮೊದಲ ಸೀಸನಿನ ಮೇಲೆ ಎರಡು ಬಗೆಯ ಅಭಿಪ್ರಾಯ ಕೇಳುತ್ತೇವೆ. ‘ಬರೀ ಅದೇ’ ಎನ್ನುವವರು ಒಂದು ಕಡೆ, ‘ಅದನ್ನು ಬಿಟ್ಟರೆ ಕಥೆ ಚೆಂದ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಸರಿಯಾಗಿ ನೋಡಿಲ್ಲ. ಅದನ್ನು ಬಿಟ್ಟರೆ ಇಲ್ಲಿ ಕಥೆಯೇ ಇಲ್ಲ.

ಡಾಫ್ನಿ ಬ್ರಿಜರ್ಟನ್‌ಗೆ ಮಕ್ಕಳು ಬೇಕು. ಹೇಸ್ಟಿಂಗ್ಸಿನ ಡ್ಯೂಕ್ ಸೈಮನ್, ಸಾಯುತ್ತಿದ್ದ ತಂದೆಯ ಮುಂದೆ ನಿಂತು ‘ನಿನ್ನ ವಂಶ ನನ್ನೊಂದಿಗೆ ಮುಗಿಯುತ್ತದೆ’ ಎಂದು ಶಪಥ ಮಾಡಿದವನು. ಚಿಕ್ಕಂದಿನಲ್ಲಿ ಉಗ್ಗುತ್ತಿದ್ದ ಮಗನನ್ನು ಆ ತಂದೆ ಮಗನೆಂದೇ ಒಪ್ಪಿರಲಿಲ್ಲ. ತನ್ನಿಂದ ಮಕ್ಕಳಾಗಲಾರದು ಎಂದು ಸೈಮನ್ ಡಾಫ್ನಿಗೆ ಹೇಳುತ್ತಾನೆ, ತನಗೆ ಬೇಡ ಎಂದು ಹೇಳುವುದಿಲ್ಲ. ಡಾಫ್ನಿಗೋ ಮಕ್ಕಳು ಹೇಗೆ ಆಗುತ್ತವೆ ಎಂಬುದೇ ಗೊತ್ತಿಲ್ಲ. ಮದುವೆಯ ಹಿಂದಿನ ಹೊತ್ತು ತಾಯಿ ವಯಲೆಟ್ ಹೇಳಲು ಹೊರಟು, ನಾಚಿ, ಅರ್ಧದಲ್ಲೇ ಮಾತು ತಪ್ಪಿಸುತ್ತಾಳೆ. ಎಂಟು ಹೆತ್ತವಳಿಗೆ ಮಗಳ ಎದುರು ಒಂದು ವಾಕ್ಯ ಪೂರ್ತಿ ಹೇಳಲಾಗದು. ನಮ್ಮಲ್ಲಿ ಈ ದೃಶ್ಯಕ್ಕೆ ವಿವರಣೆಯೇ ಬೇಡ.

ಆಮೇಲೆ ಬರುವ ಐದು ಮತ್ತು ಆರನೆಯ ಕಂತುಗಳೇ ಸರಣಿಗೆ ಕೆಟ್ಟ ಹೆಸರು ತಂದವು. ಆರನೆಯದರಲ್ಲಿ ಹೊಸ ಜೋಡಿ ಕ್ಲೈವ್ಡನ್ ಬಂಗಲೆಯ ತೋಟ, ಪುಸ್ತಕದ ಕೋಣೆಯ ಏಣಿ, ಎಲ್ಲೆಂದರಲ್ಲಿ. ಹಿಂದೆ ಟೇಲರ್ ಸ್ವಿಫ್ಟ್ ಹಾಡೊಂದರ ಪಿಟೀಲು ರೂಪ. ಅವಸರದಲ್ಲಿ ಫಾರ್ವರ್ಡ್ ಮಾಡಿದವರಿಗೆ ಮುಖ್ಯವಾದ ವಿಷಯ ತಪ್ಪಿಹೋಗುತ್ತದೆ. ಪ್ರತಿ ಸಲವೂ ಕೊನೆಯಲ್ಲಿ ಸೈಮನ್ ದೂರ ಸರಿಯುತ್ತಾನೆ. ಕ್ಯಾಮೆರಾ ಅದನ್ನು ಮರೆಮಾಚುವುದೂ ಇಲ್ಲ, ಒತ್ತಿ ಹೇಳುವುದೂ ಇಲ್ಲ. ನೋಡುವವರಿಗೆ ಅರ್ಥವಾಗಿರುತ್ತದೆ, ಡಾಫ್ನಿಗೆ ಇಲ್ಲ. ಈ ಅಂತರವೇ ಆ ದೃಶ್ಯಗಳ ಕೆಲಸ. ಕೊನೆಗೆ ಅವಳು ಕೇಳುವುದು ಕೆಲಸದವಳು ರೋಸ್ ಹತ್ತಿರ. ತಾಯಿ ಹೇಳದಿದ್ದುದನ್ನು ಅಡುಗೆಮನೆಯ ಕಡೆಯ ಹೆಂಗಸು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತಾಳೆ.

ಕನ್ನಡಕ್ಕೆ ಇದು ಹೊಸ ದಾರಿಯೂ ಅಲ್ಲ. ಜನ್ನ 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯಲ್ಲಿ ಅರಸನ ಪಕ್ಕ ಮಲಗಿದ್ದ ಅಮೃತಮತಿಗೆ ಮಾವುತ ಅಷ್ಟಾವಂಕನ ಹಾಡು ಕೇಳದಿದ್ದರೆ ಮುಂದಿನ ಕಥೆ ಇಲ್ಲವೇ ಇಲ್ಲ. ಶೃಂಗಾರ ಅಲ್ಲಿ ಅಲಂಕಾರಕ್ಕೆ ಬಂದದ್ದಲ್ಲ, ಕಥೆಯನ್ನು ಎಳೆಯಲು ಬಂದದ್ದು. ಬ್ರಿಜರ್ಟನ್ ಸರಣಿಯ ಯಾವ ಸೀಸನ್ ಗೆದ್ದಿತು, ಯಾವುದು ಸೋತಿತು ಎಂದು ಅಳೆಯಲು ಇದೇ ಕೋಲು ಸಾಕು.

ಇದೇ ಆರನೆಯ ಕಂತಿನ ಕೊನೆಯ ಭಾಗದಲ್ಲಿ ಸರಣಿ ಎಡವುತ್ತದೆ. ವಿಷಯ ತಿಳಿದ ಡಾಫ್ನಿ ಮುಂದಿನ ಸಲ ಗಂಡನನ್ನು ಸರಿಯಲು ಬಿಡುವುದಿಲ್ಲ, ಅವನು ತಡೆ ಎಂದರೂ ಬಿಡುವುದಿಲ್ಲ. ಕಾದಂಬರಿಯಲ್ಲಿ ಆ ಹೊತ್ತಿಗೆ ಸೈಮನ್ ಕುಡಿದಿರುತ್ತಾನೆ. ಓದುಗರು ವರ್ಷಗಟ್ಟಲೆ ಇದನ್ನು ಟೀಕಿಸಿದ್ದರಿಂದಲೋ ಏನೋ ಸರಣಿಯಲ್ಲಿ ಕುಡಿತ ತೆಗೆದಿದ್ದಾರೆ. ಕುಡಿತ ಹೋಯಿತು, ಒಪ್ಪಿಗೆ ಇಲ್ಲದಿದ್ದುದು ಹಾಗೇ ಉಳಿಯಿತು. ಮುಂದಿನ ಎರಡು ಕಂತುಗಳು ಅವನ ಸುಳ್ಳಿನ ಲೆಕ್ಕ ಮಾತ್ರ ಕೇಳುತ್ತವೆ, ಅವಳು ಮಾಡಿದ್ದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಂಡು ಹೆಣ್ಣು ಅದಲುಬದಲಾಗಿದ್ದರೆ ಹೀಗೆ ಬಿಡುತ್ತಿದ್ದರೇ ಎಂದು ಕೇಳುವವರಿಗೆ ಸರಣಿಯಲ್ಲಿ ಉತ್ತರವಿಲ್ಲ. ಎಂಟನೆಯ ಕಂತಿನಲ್ಲಿ ಸೈಮನ್ ಮನಸ್ಸು ಬದಲಿಸುವುದು ಸಹ ತೀರಾ ಸಲೀಸು. ಇಪ್ಪತ್ತು ವರ್ಷದ ದ್ವೇಷ ಒಂದು ಮಳೆಗೆ ತೊಳೆದುಹೋಗುತ್ತದೆ, ಕೂಡಲೇ ತೊಟ್ಟಿಲು.

ಇವೆರಡರ ನಡುವೆ, ಗರ್ಭ ನಿಂತಿದೆಯೋ ಇಲ್ಲವೋ ಎಂದು ಕಾಯುತ್ತಿದ್ದ ಡಾಫ್ನಿ ಮುಟ್ಟಾಗಿ ಅಳುವ ಒಂದು ದೃಶ್ಯ ಇದೆ. ಅರಮನೆ, ಗೌನುಗಳ ಇಂಥ ಕಥೆಗಳಲ್ಲಿ ಮುಟ್ಟು ಕಾಣಸಿಗುವುದೇ ಇಲ್ಲ. ಇಡೀ ಸೀಸನಿನಲ್ಲಿ ಫೀಬಿ ಡಿನೆವರ್ ಅತಿ ಚೆನ್ನಾಗಿ ನಟಿಸಿದ್ದು ಅಲ್ಲಿ, ಮೈತುಂಬ ಬಟ್ಟೆ ತೊಟ್ಟು.

ಬಟ್ಟೆಯ ಮಾತು ಬಂದ ಮೇಲೆ ಸೊಂಟ ಬಿಗಿಯುವ ಒಳಉಡುಪು ಕಾರ್ಸೆಟ್ಟಿನ ವಿಷಯವನ್ನೂ ಹೇಳಿಬಿಡಬೇಕು. ಮೊದಲ ಸೀಸನಿಗೆ ಸುಮಾರು 7,500 ಉಡುಪಿನ ತುಂಡುಗಳನ್ನು ತಯಾರಿಸಿದ್ದರು. ಬಣ್ಣ ಓದಿದರೆ ಮನೆತನ ಗೊತ್ತಾಗುತ್ತದೆ, ಬ್ರಿಜರ್ಟನ್ನರಿಗೆ ತಿಳಿನೀಲಿ, ನೆರೆಮನೆಯ ಫೆದರಿಂಗ್ಟನ್ನರಿಗೆ ಕಣ್ಣು ಕುಕ್ಕುವ ಹಳದಿ, ನಿಂಬೆಹಸಿರು. ಆದರೆ ಮೊದಲ ಕಂತಿನ ಆರಂಭದಲ್ಲೇ ಹುಡುಗಿಯೊಬ್ಬಳ ಸೊಂಟವನ್ನು ಉಸಿರುಗಟ್ಟುವಂತೆ ಬಿಗಿಯುವ ದೃಶ್ಯ ಬರುತ್ತದಲ್ಲ, ಅದು ಸುಳ್ಳು. 1813ರ ಗೌನಿನ ನಡು ಎದೆಯ ಕೆಳಗೇ ನಿಲ್ಲುತ್ತದೆ, ಸೊಂಟ ಬಟ್ಟೆಯೊಳಗೆ ಕಾಣುವುದೇ ಇಲ್ಲ. ಕಾಣದ ಸೊಂಟವನ್ನು ಯಾಕೆ ಬಿಗಿಯಬೇಕು? ಆಗ ತೊಡುತ್ತಿದ್ದದ್ದು ಎದೆಯನ್ನು ಎತ್ತಿ ಹಿಡಿಯುವ ಒಳಉಡುಪು, ಅದರ ಕೆಳಗೆ ಮೈಗೆ ತಾಗುವ ಹಾಗೆ ಹತ್ತಿಯ ಅಥವಾ ನಾರಿನ ಉದ್ದ ಅಂಗಿ. ಸರಣಿಯಲ್ಲಿ ಆ ಅಂಗಿ ತಪ್ಪಿಸಿ ಕಾರ್ಸೆಟ್ಟನ್ನು ಬರಿಮೈಗೆ ಕಟ್ಟಿದ್ದು ಹೆಚ್ಚಾಗಿ ಬಿಚ್ಚುವ ದೃಶ್ಯದ ಅನುಕೂಲಕ್ಕೆ. ಬರಿಮೈಗೆ ಕಟ್ಟಿದರೆ ತರಚುತ್ತದೆ ಎಂದು ಹೊಲಿಗೆ ಬಲ್ಲ ಯಾರೂ ಹೇಳಿಯಾರು.

ನೋಡುವ ಪರದೆಯ ಬಗ್ಗೆ ಒಂದು ಮಾತು. ಮೊಬೈಲ್ ಪ್ಲಾನಿನಲ್ಲಿ ಚಿತ್ರ 480ಪಿ ಮಾತ್ರ. ಈ ಕಸೂತಿ, ಬಾತ್ ನಗರದ ಕಲ್ಲಿನ ಬೀದಿ, ಕ್ಯಾಸಲ್ ಹೊವಾರ್ಡ್ ಬಂಗಲೆ ಎಲ್ಲ ಅದರಲ್ಲಿ ಮಸುಕು. ಎಚ್‌ಡಿಯಲ್ಲಾದರೆ ಗಂಟೆಗೆ 3 ಜಿಬಿ ತನಕ ಡೇಟಾ ಬೇಕು, ಅಂದರೆ ಒಂದು ಸೀಸನಿಗೆ ಹತ್ತಿರ ಹತ್ತಿರ 25 ಜಿಬಿ. ಮಳೆಗಾಲದಲ್ಲಿ ಕರೆಂಟು ಹೋಗುವ ಊರುಗಳಲ್ಲಿ ರಾತ್ರಿ ವೈಫೈ ಇರುವಾಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಲೇಸು.

ಎರಡನೆಯ ಸೀಸನ್ 2022ರ ಮಾರ್ಚ್ 25ಕ್ಕೆ ಬಂದಾಗ ‘ಬಿಸಿ ಕಮ್ಮಿಯಾಯಿತು’ ಎಂಬ ದೂರು ಎಲ್ಲ ಕಡೆ ಎದ್ದಿತು. ಲೆಕ್ಕಕ್ಕೆ ಅದು ನಿಜ. ಮೊದಲ ಕಂತಿನಲ್ಲಿ ನಾಯಕ, ಡಾಫ್ನಿಯ ದೊಡ್ಡಣ್ಣ ಆಂಥನಿಯ ಹಳೆಯ ಚಾಳಿಯನ್ನು ತೋರಿಸುವ ಕೆಲವು ತುಣುಕು ಬಿಟ್ಟರೆ ನಾಯಕ ನಾಯಕಿ ಜೊತೆಯಾಗುವುದು ಏಳನೆಯ ಕಂತಿನಲ್ಲಿ. ಅಲ್ಲಿಯವರೆಗೆ ಉಸಿರು, ನೋಟ, ಕೈಬೆರಳು, ಆರನೆಯದರ ಕೊನೆಗೆ ಒಂದು ಮುತ್ತು, ಅಷ್ಟೇ. ಆದರೆ ಇದು ಕಾದಂಬರಿಯಿಂದ ಬಂದದ್ದಲ್ಲ, ಕಾದಂಬರಿಯನ್ನು ಮುರಿದು ಕಟ್ಟಿದ್ದರ ಫಲ, ಮತ್ತು ಮುರಿದದ್ದು ಒಂದು ಜೇನುಹುಳದ ಹತ್ತಿರ.

ಆಂಥನಿಯ ತಂದೆ ಜೇನು ಕಚ್ಚಿ ಸತ್ತವನು, ಆಗ 38 ವರ್ಷ. ಕಾದಂಬರಿಯ ಆಂಥನಿಗೆ ತಾನೂ ಆ ವಯಸ್ಸು ದಾಟಲಾರೆ ಎಂಬ ಭ್ರಮೆ. ತೋಟದಲ್ಲಿ ನಾಯಕಿ ಕೇಟ್‌ಗೆ ಎದೆಯ ಮೇಲೆ ಜೇನು ಕಚ್ಚಿದಾಗ ಹೆದರಿ ವಿಷ ಹೀರಲು ಬಾಯಿ ಹಾಕುತ್ತಾನೆ, ಹೆಂಗಸರು ನೋಡುತ್ತಾರೆ, ಮಾನ ಉಳಿಸಲು ಮದುವೆ. ಪುಸ್ತಕದ ನಡುವಿನಲ್ಲೇ ಅವರು ಗಂಡ ಹೆಂಡತಿ. ಮುಂದಿನ ಹಾಸಿಗೆಯ ಪ್ರಕರಣಗಳೆಲ್ಲ ಮದುವೆಯಾದ ಮೇಲಿನವು. ಸರಣಿಯ ಮೂರನೆಯ ಕಂತಿನಲ್ಲೂ ಜೇನು ಕಚ್ಚುತ್ತದೆ. ಆದರೆ ಕೇಟ್ ಅವನ ಕೈ ಹಿಡಿದು ತನ್ನ ಎದೆಗೆ ಇಟ್ಟು ‘ನನಗೇನೂ ಆಗಿಲ್ಲ’ ಎನ್ನುತ್ತಾಳೆ, ಅಷ್ಟಕ್ಕೇ ಮುಗಿಯಿತು. ಯಾರೂ ನೋಡುವುದಿಲ್ಲ, ಮದುವೆಯೂ ಇಲ್ಲ. ಆಂಥನಿ ಕೇಟ್‌ಳ ತಂಗಿ ಎಡ್ವಿನಾಳನ್ನೇ ಒಪ್ಪಿ ಆರನೆಯ ಕಂತಿನಲ್ಲಿ ಧರ್ಮಗುರುವಿನ ಮುಂದೆ ನಿಲ್ಲುವವರೆಗೆ ಎಳೆಯುತ್ತಾರೆ. ಕಾದಂಬರಿ ಓದಿದವರ ಸಿಟ್ಟು ಮುಖ್ಯವಾಗಿ ಇದಕ್ಕೇ. ಅಕ್ಕತಂಗಿಯರ ನಡುವಿನ ಮೋಸ ಮೂಲದಲ್ಲಿ ಇಲ್ಲ, ಇವರು ತಂದು ಹಾಕಿದರು ಎಂಬುದು ಅವರ ವಾದ.

ವಾದ ಸರಿ. ಆದರೂ ನಷ್ಟದಷ್ಟೇ ಲಾಭವೂ ಆಗಿದೆ. ಜೇನಿನ ದೃಶ್ಯ ಕಾದಂಬರಿಯಲ್ಲಿ ಸ್ವಲ್ಪ ನಗೆಪಾಟಲು, ಸರಣಿಯಲ್ಲಿ ಆಂಥನಿಯಾದ ಜೋನಥನ್ ಬೈಲಿಯ ಉಸಿರು ಹತೋಟಿ ತಪ್ಪುವುದನ್ನು ನೋಡಿದರೆ ತಂದೆಯ ಸಾವು ಇನ್ನೂ ಅವನ ಮೈಯೊಳಗೇ ಇದೆ ಎಂದು ತಿಳಿಯುತ್ತದೆ. ಆರು ಕಂತು ತಡೆದಿಟ್ಟದ್ದರಿಂದ ಏಳನೆಯದಕ್ಕೆ ತೂಕ ಬಂತು. ಎಡ್ವಿನಾಳ ಪಾಡು ಮಾತ್ರ ಸರಿಯಾಗಲಿಲ್ಲ. ಚರಿತ್ರಾ ಚಂದ್ರನ್ ಒಂದೇ ಒಂದು ಕಂತಿನಲ್ಲಿ ಸಿಟ್ಟಾಗಲು ಸಿಕ್ಕ ಅವಕಾಶವನ್ನು ಚೆನ್ನಾಗಿ ಬಳಸಿದ್ದಾಳೆ, ಆಮೇಲೆ ಬರಹಗಾರರು ಅವಳನ್ನು ಮೂಲೆಗೆ ಕೂರಿಸಿದರು.

ಕಾದಂಬರಿಯ ಕೇಟ್ ಶೆಫೀಲ್ಡ್ ಸರಣಿಯಲ್ಲಿ ಬೊಂಬಾಯಿಯಿಂದ ಹಡಗೇರಿ ಬಂದ ಕೇಟ್ ಶರ್ಮಾ ಆಗಿದ್ದಾಳೆ. ಪಾತ್ರ ಮಾಡಿದ ಸಿಮೋನ್ ಆ್ಯಶ್ಲಿ ತಮಿಳು ಮೂಲದವಳು. ಇಲ್ಲಿಂದ ನಮ್ಮ ಕಡೆಯ ಕಿವಿಗಳು ನಿಮಿರುತ್ತವೆ. ಕೇಟ್ ತಂದೆಯನ್ನು ‘ಅಪ್ಪ’ ಎನ್ನುತ್ತಾಳೆ. ತಂಗಿಯನ್ನು ಕರೆಯುವುದು ಬಂಗಾಳಿಯಲ್ಲಿ ‘ಬೋನ್’ ಎಂದು. ತಂಗಿ ಅಕ್ಕನಿಗೆ ‘ದೀದಿ’ ಎನ್ನುತ್ತಾಳೆ. ತಂಗಿಗೆ ಹಿಂದೂಸ್ತಾನಿ, ಮರಾಠಿ ಬರುತ್ತದಂತೆ. ಅಡ್ಡಹೆಸರು ಶರ್ಮಾ.

ಭಾಷೆ ಬೆರೆಸಿದ್ದೇ ತಪ್ಪು ಎಂದು ಬೆಂಗಳೂರಿನವರು ಬೇಕಾದರೆ ಹೇಳಲಿ, ಸಪ್ತಭಾಷೆಯ ಕಾಸರಗೋಡಿನವರು ಹೇಳುವಂತಿಲ್ಲ. ಮನೆಯಲ್ಲಿ ಹವ್ಯಕ ಕನ್ನಡ, ಅಂಗಳದ ಕೆಲಸದವರೊಡನೆ ತುಳು, ಬಸ್ಸಿನಲ್ಲಿ ಮಲಯಾಳ, ಪಕ್ಕದ ಮನೆಯವರ ಬ್ಯಾರಿ, ಇನ್ನೊಂದು ಕಡೆ ಕರಾಡ ಮರಾಠಿ, ಕೊಂಕಣಿ. ಆದರೆ ಈ ಬೆರಕೆಗೆ ಒಂದು ಕಟ್ಟು ಇದೆ. ಯಾರ ಹತ್ತಿರ ಯಾವುದು ಎಂಬುದು ಮೂರು ವರ್ಷದ ಮಗುವಿಗೂ ಗೊತ್ತು, ಮತ್ತು ಅಪ್ಪ, ಅಕ್ಕ, ತಂಗಿ ಎಂದು ಕರೆಯುವ ಶಬ್ದಗಳು ಒಂದೇ ಭಾಷೆಯಿಂದ ಬರುತ್ತವೆ. ಶರ್ಮಾ ಮನೆಯಲ್ಲಿ ಆ ಕಟ್ಟು ಇಲ್ಲ. ಬಂಗಾಳಿ ಯಾರಿಂದ ಬಂತು? ಅಪ್ಪ ತಮಿಳನಾಗಿದ್ದರೆ ದೀದಿ ಎಲ್ಲಿಂದ? ಗುಮಾಸ್ತನಾಗಿ ಊರೂರು ಸುತ್ತಿದ ಅಪ್ಪ ಎಂದು ಒಂದು ಸಾಲು ಹಾಕಿದ್ದರೆ ಮುಗಿಯುತ್ತಿತ್ತು.

ಟೀ ಇನ್ನೊಂದು. ಇಂಗ್ಲಿಷರ ಟೀ ಕಂಡರಾಗದು ಎನ್ನುವ ಕೇಟ್ ಏಲಕ್ಕಿ ಜಜ್ಜಿ ಹಾಕಿ ತನ್ನ ರೀತಿಯಲ್ಲಿ ಟೀ ಮಾಡಿಕೊಳ್ಳುತ್ತಾಳೆ. ಕಥೆ ನಡೆಯುವುದು 1814ರಲ್ಲಿ. ಅಸ್ಸಾಮಿನಲ್ಲಿ ಬ್ರಿಟಿಷರು ಚಹಾ ತೋಟ ಹಾಕಲು ಶುರು ಮಾಡಿದ್ದು 1830ರ ದಶಕದಲ್ಲಿ, ಅಲ್ಲಿಯ ತನಕ ಕುಂಪಣಿ ಚಹಾ ತರಿಸುತ್ತಿದ್ದುದು ಚೀನಾದಿಂದ. ಅದು ಇಲ್ಲಿನ ಮನೆಗಳ ನಿತ್ಯದ ಪಾನೀಯವಾದದ್ದು 20ನೆಯ ಶತಮಾನದಲ್ಲಿ. ಜೀರಿಗೆ ಕೊತ್ತಂಬರಿಯ ಕಷಾಯ ಎಂದಿದ್ದರೆ ನಾವು ಕಣ್ಣುಮುಚ್ಚಿ ನಂಬುತ್ತಿದ್ದೆವು. ಅದೇ 1814ಕ್ಕೆ ನಮ್ಮ ಕರಾವಳಿಯೂ ಕುಂಪಣಿಯ ಕೈಸೇರಿ 15 ವರ್ಷ ಆಗಿತ್ತು. ಬೊಂಬಾಯಿಯ ಮನೆಯೊಂದು ಲಂಡನ್ನಿನ ಚಾವಡಿಯಲ್ಲಿ ಕೂತಿರುವಾಗ ಈ ಸಂಗತಿ ಯಾರ ನಾಲಿಗೆಯ ತುದಿಗೂ ಬರುವುದಿಲ್ಲ.

ಮೆಚ್ಚಬೇಕಾದ್ದೂ ಇದೇ ಮನೆಯಲ್ಲಿ ಉಂಟು. ಅಕ್ಕ ತಂಗಿಯ ತಲೆಗೆ ಎಣ್ಣೆ ಹಾಕುವ ದೃಶ್ಯ, ಮದುವೆಗೆ ಮೊದಲು ಅರಸಿನ ಹಚ್ಚುವ ದೃಶ್ಯ, ಸತ್ತ ತಾಯಿಯ ಬಳೆ. ಅರಸಿನ ಹಚ್ಚುವಾಗ ಹಿಂದೆ ‘ಕಭೀ ಖುಷಿ ಕಭೀ ಗಮ್’ ಹಾಡಿನ ವಾದ್ಯರೂಪ ಕೇಳಿಬರುತ್ತದೆ. ಅಮೆರಿಕದ ಪಾಪ್ ಹಾಡುಗಳನ್ನು ಪಿಟೀಲಿನಲ್ಲಿ ನುಡಿಸುವ ಸರಣಿಯಲ್ಲಿ ಅದು ಹೊಂದಿಕೊಂಡೇ ಬಂದಿದೆ. ಆ ಬಳೆ ಮದುವೆಯ ದಿನ ನೆಲಕ್ಕೆ ಬೀಳುತ್ತದೆ, ಹೆಕ್ಕಲು ಇಬ್ಬರು ಬಗ್ಗುತ್ತಾರೆ, ಮದುಮಗಳು ನೋಡುತ್ತಾಳೆ. ಒಂದು ಮಾತಿಲ್ಲದೆ ಮದುವೆ ಮುರಿಯಿತು. ಇಡೀ ಸರಣಿಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಬರೆದ ನಿಮಿಷ ಬೇರೆ ಇಲ್ಲ.

ಮೂರನೆಯ ಸೀಸನನ್ನು ಎರಡು ಕಂತೆ ಮಾಡಿ 2024ರ ಮೇ 16 ಮತ್ತು ಜೂನ್ 13ಕ್ಕೆ ಬಿಟ್ಟರು. ಬ್ರಿಜರ್ಟನ್ ಮನೆಯ ಮೂರನೆಯ ಮಗ ಕಾಲಿನ್ ಮತ್ತು ಫೆದರಿಂಗ್ಟನ್ ಮನೆಯ ಪೆನೆಲೊಪಿಯ ಕಥೆ, ಕಾದಂಬರಿಗಳಲ್ಲಿ ನಾಲ್ಕನೆಯದು. ಕಾಲಿನ್‌ನ ಅಣ್ಣ ಬೆನೆಡಿಕ್ಟನ ಕಥೆಯಾದ ಮೂರನೆಯ ಪುಸ್ತಕವನ್ನು ಹಿಂದಕ್ಕೆ ಹಾಕಿ ಇದನ್ನು ಮೊದಲು ಮಾಡಿದ್ದಾರೆ. ನಾಲ್ಕನೆಯ ಕಂತಿನ ಕುದುರೆಗಾಡಿ, ಐದನೆಯ ಕಂತಿನ ಕನ್ನಡಿ ಎರಡನ್ನೂ ಜನ ಕೊಂಡಾಡಿದರು. ಕನ್ನಡಿಯದ್ದು ಕೊಂಡಾಡತಕ್ಕದ್ದೇ. ಇಷ್ಟು ವರ್ಷ ಗೋಡೆಗೆ ಒರಗಿ ನಿಂತಿದ್ದ ದಪ್ಪ ಮೈಯ ಹುಡುಗಿ ತನ್ನನ್ನು ತಾನೇ ನೋಡಿಕೊಳ್ಳುತ್ತಾಳೆ, ನಿಕೋಲಾ ಕಾಗ್ಲನ್ ಅದನ್ನು ನಾಚಿಕೆಯಿಂದ ಶುರುಮಾಡಿ ನಗುವಿನಲ್ಲಿ ಮುಗಿಸುತ್ತಾಳೆ. ಅಲ್ಲಿಗೆ ನಿಲ್ಲಿಸಬಹುದು. ಮುಂದಿನ ಮೂರು ಕಂತುಗಳಲ್ಲಿ ಮೊಂಡ್ರಿಚ್ ದಂಪತಿಗಳ ಆಸ್ತಿ, ಫೆದರಿಂಗ್ಟನ್ನರ ವಾರಸುದಾರಿಕೆ, ಕ್ರೆಸಿಡಾಳ ಗೋಳು, ಬೆನೆಡಿಕ್ಟನ ಮೂವರ ಹಾಸಿಗೆ. ಆ ಕೊನೆಯದನ್ನು ಕತ್ತರಿಸಿ ತೆಗೆದರೂ ಕಥೆಗೆ ಒಂದು ದಾರವೂ ಸಡಿಲವಾಗದು. ಲೇಡಿ ವಿಸಲ್‌ಡೌನ್ ಯಾರೆಂಬ ಗುಟ್ಟನ್ನು ಕಾದಂಬರಿ ಇದೇ ನಾಲ್ಕನೆಯ ಪುಸ್ತಕದವರೆಗೆ ಕಾದಿಟ್ಟಿತ್ತು, ಸರಣಿ ಮೊದಲ ಸೀಸನಿನ ಕೊನೆಯಲ್ಲೇ ಬಿಟ್ಟುಕೊಟ್ಟಿದೆ. ಹಾಗಾಗಿ ಇಲ್ಲಿ ನೋಡುವವರಿಗೆ ಗೊತ್ತು, ಕಾಲಿನ್‌ಗೆ ಗೊತ್ತಿಲ್ಲ, ಅವನು ತಿಳಿದು ಮುನಿಸಿಕೊಂಡದ್ದೇ ಎರಡು ಗಂಟೆ.

ಮನೆಯವರ ಜೊತೆ ನೋಡಲೇಬೇಕು ಎನ್ನುವವರು ಎರಡನೆಯ ಸೀಸನಿನ ಎರಡನೆಯ ಕಂತಿನಿಂದ ಆರನೆಯ ತನಕ ದೊಡ್ಡ ಮುಜುಗರವಿಲ್ಲದೆ ನೋಡಬಹುದು. ಮೊದಲ ಸೀಸನನ್ನು ಹಾಗೆ ಆರಿಸಿ ನೋಡಲು ಆಗದು, ಐದು ಆರು ಬಿಟ್ಟರೆ ಏಳು ತಿಳಿಯದು.

2023ರ ಮೇ 4ಕ್ಕೆ ಬಂದ ‘ಕ್ವೀನ್ ಶಾರ್ಲೆಟ್’ ಬೇರೆಯೇ ಸರಣಿ, ಆರು ಕಂತು. ರಾಣಿ ಕಾದಂಬರಿಗಳಲ್ಲಿ ಪಾತ್ರವೇ ಅಲ್ಲ. ಸರಣಿಗೆಂದು ಸೇರಿಸಿದವಳು, ಜನ ಮೆಚ್ಚಿದ್ದರಿಂದ 1761ರ ಅವಳ ಮದುವೆಯ ಕಥೆಯನ್ನು ಶೋಂಡಾ ರೈಮ್ಸ್ ತಾನೇ ಬರೆದಳು, ಪುಸ್ತಕ ಆಮೇಲೆ ಬಂತು. ಎರಡನೆಯ ಸೀಸನ್ ಮುಗಿಸಿ ಇದನ್ನು ನೋಡಿ, ಮೊದಲೇ ನೋಡಿದರೆ ಮುದುಕಿ ಲೇಡಿ ಡ್ಯಾನ್‌ಬರಿಯ ಮಾತಿನ ಚುಚ್ಚು ಎಲ್ಲಿಂದ ಬಂತೆಂಬ ಕುತೂಹಲ ಕೆಡುತ್ತದೆ. ಎಳೆಯ ಡ್ಯಾನ್‌ಬರಿಯನ್ನು ಅಜ್ಜನಂಥ ಗಂಡನಿಗೆ ಕೊಟ್ಟಿದ್ದಾರೆ. ಅವನ ಜೊತೆಗಿನ ಹಾಸಿಗೆಯ ದೃಶ್ಯಗಳಲ್ಲಿ ಸುಖವೂ ಇಲ್ಲ, ಅಂದದ ಬೆಳಕೂ ಇಲ್ಲ. ಅವಳು ಮುಗಿಯಲಿ ಎಂದು ಕಾಯುತ್ತಾಳೆ, ಎದ್ದು ಕೆಲಸದವಳಿಗೆ ಸ್ನಾನದ ನೀರು ಇಡಲು ಹೇಳುತ್ತಾಳೆ. ಬರೀ ಅದೇ ಎಂದು ಈ ಸರಣಿಗಳನ್ನು ತಳ್ಳಿಹಾಕುವವರಿಗೆ ತೋರಿಸಬೇಕಾದ ದೃಶ್ಯ ಅದು.